ಮೂರು ಹೊಳೆಗಳ ನಾಡಿಗೆ ಎಂಥ ಕಯಾಕ್?

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಊರಿನ ನೆತ್ತಿಯ ಮೇಲಿರುವ ಮೇಗುಟಿ ಬಸದಿಯ ಗೋಡೆಯಲ್ಲಿ ಶಕವರ್ಷ 556ರಲ್ಲಿ, ಎಂದರೆ ಕ್ರಿಸ್ತಶಕ 634-35ರಲ್ಲಿ, ರವಿಕೀರ್ತಿ ಕವಿ ಬರೆಯಿಸಿದ ಸಂಸ್ಕೃತ ಪ್ರಶಸ್ತಿಯನ್ನು ಇತಿಹಾಸಾಭ್ಯಾಸಿಗಳು ಇಮ್ಮಡಿ ಪುಲಿಕೇಶಿಯ ದಿಗ್ವಿಜಯವಾರ್ತೆಗಾಗಿ ಓದುತ್ತಾರೆ, ಸಾಹಿತ್ಯಾಭ್ಯಾಸಿಗಳು ಕಾಳಿದಾಸ ಭಾರವಿಗಳ ಹೆಸರುಗಳು ಅಲ್ಲಿ ಜೊತೆಯಾಗಿ ಬಂದಿರುವುದಕ್ಕಾಗಿ ಓದುತ್ತಾರೆ. ದೋಣಿಗಳ ವಿಷಯಕ್ಕಾಗಿ ಅದನ್ನು ಓದುವವರು ಅಪರೂಪ. ಆದರೂ ಪಶ್ಚಿಮ ಸಮುದ್ರತೀರದ ಪುರಿಯೆಂಬ ಪಟ್ಟಣವನ್ನು ಚಾಲುಕ್ಯ ಚಕ್ರವರ್ತಿಯು ನೂರಾರು ನೌಕೆಗಳೊಡನೆ ಮುತ್ತಿದನೆಂಬ ವಾರ್ತೆ ಅದರಲ್ಲಿ ಉಂಟು. ಆ ನೌಕೆಗಳು ಕವಿಯ ಕಣ್ಣಿಗೆ ಮದವೇರಿದ ಆನೆಗಳಾಗಿ ಕಂಡಿವೆ. ಸಮುದ್ರದಿಂದ ಇಷ್ಟು ದೂರದಲ್ಲಿ, ವರ್ಷಕ್ಕೆ ಆರುನೂರು ಮಿಲಿಮೀಟರಿನಷ್ಟೂ ಮಳೆ ಬೀಳದ ಕೆಂಗಲ್ಲಿನ ಗುಡ್ಡಗಳ ನಡುವೆ ಕುಳಿತು ಕವಿಯೊಬ್ಬನು ಹಡಗುಗಳನ್ನು ನೆನೆದನೆಂಬುದೇ ಆ ಶಾಸನದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ.

ಈ ಲೇಖನದ ನಾವೆ ಆನೆಯ ಗಾತ್ರದ್ದಲ್ಲ. ಒಬ್ಬನೇ ಕಾಲುಚಾಚಿ ಕುಳಿತು, ಎರಡು ತುದಿಗೂ ಎಲೆಯುಳ್ಳ ಒಂದೇ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುವ, ಇಬ್ಬರು ಸೇರಿದರೆ ಅನಾಯಾಸವಾಗಿ ಎತ್ತಿ ದಡಕ್ಕೆ ತರಬಹುದಾದ ಕಯಾಕ್ ಎಂಬ ಕಿರುನಾವೆ ಅದು. ಇಪ್ಪತ್ತೈದು ವರ್ಷಗಳ ಹಿಂದೆ ಬಾಗಲಕೋಟೆಯಲ್ಲಿ ಇಂಥದೊಂದನ್ನು ಕೊಳ್ಳುವ ವಿಚಾರವನ್ನು ಯಾರಾದರೂ ಎತ್ತಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಯಾದ, ಕೃಷ್ಣೆಗೆ ಅಡ್ಡಲಾದ ಆಲಮಟ್ಟಿಯ ಅಣೆಕಟ್ಟು ದಶಕಗಳ ತರುವಾಯ ಪೂರ್ಣಗೊಂಡು, 519.60 ಮೀಟರಿನ ಮಟ್ಟದವರೆಗೆ ನೀರು ನಿಲ್ಲತೊಡಗಿ, ಘಟಪ್ರಭೆಯ ದಂಡೆಯ ಹಳೆಯ ಪಟ್ಟಣದ ಅನೇಕ ಓಣಿಗಳು ಆ ಹಿನ್ನೀರಿಗೆ ಸಂದು, ಜನ ನವನಗರಕ್ಕೆ ಏರಿಹೋದ ಮೇಲೆ, ಬಾಗಲಕೋಟೆ ಜಲಾಶಯದ ದಂಡೆಯ ಊರಾಯಿತು. ಈ ಮಾರ್ಪಾಟಿಗೆ ಮನೆಮಾರುಗಳನ್ನು ತೆತ್ತವರ ಮಕ್ಕಳೇ ಈಗ ಆ ನೀರಿನ ಮೇಲೆ ವಿಹರಿಸುವ ಆಸೆಯಿಂದ ಎಂಥ ಕಯಾಕ್ ತರಿಸಬೇಕೆಂದು ಕೇಳುತ್ತಿರುವುದರಲ್ಲಿ ಒಂದು ನ್ಯಾಯವಿದೆಯೆಂದು ನನಗೆ ತೋರುತ್ತದೆ.

ಆ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಈ ನಾವೆಯ ಜನ್ಮಭೂಮಿಯನ್ನು ಸ್ವಲ್ಪ ನೆನೆಯಬೇಕು. ಉತ್ತರಧ್ರುವದ ಸಮೀಪದ ಹಿಮಸಮುದ್ರಗಳ ತೀರದಲ್ಲಿ ಇನ್ಯೂಟ್ ಮತ್ತು ಅಲ್ಯೂಟ್ ಜನರು, ಮರ ಬೆಳೆಯದ ನೆಲದಲ್ಲಿ ಅಲೆಗಳು ತಂದೆಸೆದ ಕಟ್ಟಿಗೆಯಿಂದಲೂ ತಿಮಿಂಗಿಲದ ಎಲುಬಿನಿಂದಲೂ ಹಂದರ ಕಟ್ಟಿ, ಅದಕ್ಕೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಬಿಗಿದು ಹೊಲಿದು, ಬೇಟೆಗೆ ಹೋಗುವವನ ಮೈಯಳತೆಗೆ ಸರಿಯಾಗಿ ಇದನ್ನು ಮಾಡಿಕೊಳ್ಳುತ್ತಿದ್ದರು. ತೋಳುಗಳನ್ನು ಚಾಚಿದರೆ ಎಷ್ಟು ಅಗಲವಾಗುವುದೋ ಅದರ ಮೂರರಷ್ಟು ಉದ್ದ. ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದರೆ ಕೂರುವ ಜಾಗದ ಅಗಲ. ಹೀಗೆ ಒಡೆಯನ ಅಂಗಾಂಗಗಳೇ ಅಲ್ಲಿ ಅಳತೆಗೋಲು. ತೊಟ್ಟ ಚರ್ಮದ ಅಂಗಿಯ ಅಂಚನ್ನು ಕೂರುವ ಬಾಯಿಯ ಸುತ್ತ ಬಿಗಿದುಕೊಂಡರೆ ನೀರಿನ ಹನಿಯೂ ಒಳಗೆ ಇಳಿಯದು. ನಾವೆ ಮಗುಚಿದರೂ ಸವಾರ ಹೊರಬೀಳದೆ, ಹುಟ್ಟಿನ ಒಂದು ಹೊಡೆತದಿಂದ ಮರಳಿ ಮೇಲೆ ಬರುತ್ತಿದ್ದ. ಆ ಹಿಮಜಲದಲ್ಲಿ ಬಿದ್ದವನು ಕೆಲವೇ ನಿಮಿಷಗಳಲ್ಲಿ ಮರಗಟ್ಟಿಹೋಗುವನಾದುದರಿಂದ, ಸವಾರನನ್ನು ನೀರಿಗೆ ಕೊಡದಿರುವುದೇ ಆ ರಚನೆಯ ಮೂಲಧರ್ಮವಾಯಿತು.

ಚರ್ಮದ ದೋಣಿ ನಮಗೂ ಹೊಸದೇನಲ್ಲ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು, ಬುಟ್ಟಿಯಂತೆ ಹೆಣೆದು ಹೊರಮೈಗೆ ಚರ್ಮ ಹೊದಿಸಿದ ದುಂಡು ದೋಣಿಗಳಲ್ಲಿ ಹದಿನೈದು ಇಪ್ಪತ್ತು ಮಂದಿ ಹೊಳೆ ದಾಟುತ್ತಿದ್ದುದನ್ನೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನು ಕೂಡ ಸಾಗಿಸುತ್ತಿದ್ದುದನ್ನೂ, ಅವು ಸದಾ ಗಿರಗಿರನೆ ತಿರುಗುತ್ತಲೇ ಮುಂದುವರಿಯುವುದನ್ನೂ ಬರೆದಿಟ್ಟಿದ್ದಾನೆ. ಅದೇ ಹರಿಗೋಲು, ನಮ್ಮ ಕಡೆಯವರ ಮಾತಿನಲ್ಲಿ ತೆಪ್ಪ, ಇಂದೂ ಕೃಷ್ಣೆಯ ಮೇಲೆ ಮೀನುಗಾರರ ಬಾಳ್ವೆಯ ಸಾಧನವಾಗಿದೆ. ಚರ್ಮದ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ, ಅಷ್ಟೆ. ಬಿದಿರು, ಚರ್ಮ ಎರಡೂ ಕೈಗೆಟುಕುವ ನಾಡಿನಲ್ಲಿ, ಸೆಳವಿನ ಹೊಳೆಯನ್ನು ಅಡ್ಡ ದಾಟುವ ಕೆಲಸಕ್ಕೆ ದುಂಡಾದದ್ದು ಹುಟ್ಟಿತು. ಸೀಲನ್ನು ಸದ್ದಿಲ್ಲದೆ ಬೆನ್ನಟ್ಟುವ ಕೆಲಸಕ್ಕೆ ಉದ್ದವಾದದ್ದು ಹುಟ್ಟಿತು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲದಿರುವುದು ದೋಷವಲ್ಲ, ಬಂಡೆಗಳ ನಡುವಿನ ಸುಳಿಯಲ್ಲಿ ಯಾವ ಕಡೆಗೆ ಬೇಕಾದರೂ ಜಾರಬಲ್ಲ ಸೌಕರ್ಯ. ಬರೀ ಮೀನು ಹಿಡಿಯುವುದಷ್ಟೇ ಬೇಕಾದವನಿಗೆ, ಅವನು ಅಂಬಿಗರ ಕೈಯಲ್ಲಿ ಹುಟ್ಟು ಹಾಕುವುದನ್ನು ಕಲಿಯಲು ಸಿದ್ಧನಿದ್ದರೆ, ನಾನು ಕಯಾಕನ್ನು ಸೂಚಿಸಲಾರೆ.

ಹಿಮಸಮುದ್ರದ ನಾವೆಯನ್ನು ಎರೆಭೂಮಿಗೆ ತರುವಾಗ ಅದರ ಮೂಲಧರ್ಮವೇ ತಲೆಕೆಳಗಾಗುತ್ತದೆ ಎಂಬುದನ್ನು ಕೊಳ್ಳುವವನು ಮೊದಲು ಗ್ರಹಿಸಬೇಕು. ಅಲ್ಲಿ ಶತ್ರು ಚಳಿ. ಇಲ್ಲಿ ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು. ಅಲ್ಲಿ ಸವಾರನು ನಾವೆಯ ಒಡಲೊಳಗೆ ಸೊಂಟದವರೆಗೆ ಹುದುಗಿ ಬೆಚ್ಚಗಿರಬೇಕು. ಇಲ್ಲಿ ಹಾಗೆ ಹುದುಗಿದವನ ಕಾಲುಗಳು ಮುಚ್ಚಿದ ಒಡಲಿನಲ್ಲಿ ಬೆಂದುಹೋಗುತ್ತವೆ. ಮಾರುಕಟ್ಟೆಯಲ್ಲಿ ಇಂದು ಎರಡು ಕುಲದ ಕಯಾಕ್‌ಗಳಿವೆ: ಒಳಗೆ ಕೂರುವಂಥವು, ಮೇಲೆ ಕೂರುವಂಥವು. ಮೊದಲನೆಯದು ಪುರಾತನ ರೂಪದ ನೇರ ಸಂತತಿ. ಎರಡನೆಯದರಲ್ಲಿ ಒಡಲು ಪೂರ್ತಿ ಮುಚ್ಚಿದ ಟೊಳ್ಳು. ಅದರ ಬೆನ್ನಿನ ಮೇಲೆ ಮಾಡಿದ ತಗ್ಗಿನಲ್ಲಿ ಸವಾರನು ಕೂರುತ್ತಾನೆ. ಮೇಲೆ ಬಿದ್ದ ನೀರು ತಳದವರೆಗೆ ಕೊರೆದ ರಂಧ್ರಗಳ ಮೂಲಕ ತಾನಾಗಿ ಇಳಿದುಹೋಗುತ್ತದೆ. ಒಳಗೆ ಕೂರುವಂಥದು ಮಗುಚಿತೆಂದರೆ ಒಡಲು ನೀರು ತುಂಬಿಕೊಂಡು, ಅದನ್ನು ಬರಿದುಮಾಡಿ ಮರಳಿ ಹತ್ತುವುದು ಅಭ್ಯಾಸವಿಲ್ಲದವನಿಗೆ ದುಸ್ಸಾಧ್ಯವಾಗುತ್ತದೆ. ಮೇಲೆ ಕೂರುವಂಥದು ಮಗುಚಿದರೆ ಅದನ್ನು ತಿರುವಿಹಾಕಿ, ಎದೆಯನ್ನು ಅಡ್ಡ ಹಾಕಿ, ಮೈಯನ್ನು ಎಳೆದುಕೊಂಡರಾಯಿತು. ದಡದಲ್ಲಿ ಕಾವಲಿಗೆ ಯಾರೂ ಇಲ್ಲದ ನಮ್ಮ ಜಲಾಶಯಗಳಲ್ಲಿ ಈ ಒಂದು ಗುಣ ಮಿಕ್ಕ ಗುಣಗಳನ್ನೆಲ್ಲ ಹಿಂದೆ ಹಾಕುತ್ತದೆ. ಸೊಬಗಿನ ದೃಷ್ಟಿಯಿಂದ ಇದು ಡೊಳ್ಳುಹೊಟ್ಟೆಯ ದೋಣಿಯೆಂದು ಬಲ್ಲವರು ಹಾಸ್ಯಮಾಡಿದರೂ, ಬಾಗಲಕೋಟೆಯ ಮೊದಲ ಕಯಾಕ್ ಮೇಲೆ ಕೂರುವಂಥದೇ ಆಗಿರತಕ್ಕದ್ದು ಎಂಬುದು ನನ್ನ ನಿಶ್ಚಿತಾಭಿಪ್ರಾಯ.

ಇಷ್ಟಾದ ಮೇಲೂ ಉದ್ದ, ಅಗಲ, ತಳದ ಆಕಾರ, ಮಾಡಿದ ವಸ್ತು ಎಂಬ ಗೊಂದಲಗಳು ಉಳಿಯುತ್ತವೆ. ಇಲ್ಲಿ ಇಳಕಲ್ಲಿನ ಸೀರೆಯಂಗಡಿಯ ಪದ್ಧತಿ ನಮಗೆ ದಾರಿ ತೋರಬಲ್ಲುದು. ಗಿರಾಕಿ ಗಾದಿಯ ಮೇಲೆ ಕುಳಿತೊಡನೆ ಅಲ್ಲಿಯ ಸಾವುಕಾರರು ಸೀರೆ ಬಿಚ್ಚುವುದಿಲ್ಲ, "ಯಾರಿಗ್ರಿ? ದಿನಾ ಉಡಾಕೋ, ಮದುವಿಗೋ?" ಎಂದು ಮೊದಲು ಕೇಳುತ್ತಾರೆ. "ನಮ್ಮ ಅವ್ವಗರಿ, ದಿನಾ ಉಡಾಕ" ಎಂದರೆ ಒಂದು ಕಪಾಟು, "ಸೊಸಿಗೆ, ಉಡಿ ತುಂಬಾಕ" ಎಂದರೆ ಮತ್ತೊಂದು. ಒಡಲು ಹತ್ತಿಯದೋ ರೇಷ್ಮೆಯದೋ, ಅಂಚು ಗೋಮಿಯೋ ಚಿಕ್ಕಿಪರಾಸೋ ಎಂಬುದೆಲ್ಲ ಆ ಉತ್ತರದ ಹಿಂದಿನಿಂದ ಬರುತ್ತದೆ. ಕಯಾಕ್ ಕೊಳ್ಳುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದು ಇದನ್ನೇ: ಯಾವ ನೀರಿಗೆ, ಯಾವ ತಿಂಗಳಿಗೆ, ಎಷ್ಟು ಹೊತ್ತಿಗೆ, ಯಾರ ಮೈಗೆ? ಚಿತ್ರ ನೋಡಿ ಬಣ್ಣಕ್ಕೆ ಮರುಳಾಗಿ ತರಿಸಿದ ನಾವೆ ಮಾಳಿಗೆಯ ಮೇಲೆ ಧೂಳು ಹೊದ್ದು ಮಲಗುವುದಕ್ಕೆ ಹೆಚ್ಚು ಕಾಲ ಬೇಕಾಗದು.

ಹಾಗಾದರೆ ನಮ್ಮ ನೀರು ಎಂಥದು? ಆಲಮಟ್ಟಿಯ ಹಿನ್ನೀರನ್ನೇ ಮೊದಲು ತೆಗೆದುಕೊಳ್ಳೋಣ. ಮುಂಗಾರಿನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಬಿದ್ದ ಮಳೆಯಿಂದ ತುಂಬಿ, ಹಿಂಗಾರಿನುದ್ದಕ್ಕೂ ಕಾಲುವೆಗಳಿಗೆ ಹರಿದು, ಬೇಸಗೆಯ ಹೊತ್ತಿಗೆ ಬಹಳಷ್ಟು ಇಳಿಯುವ ಜಲರಾಶಿ ಅದು. ಎಂದರೆ ದಡವು ತಿಂಗಳು ತಿಂಗಳಿಗೂ ಸ್ಥಾನ ಬದಲಿಸುತ್ತದೆ. ಕಾರ್ತಿಕದಲ್ಲಿ ರಸ್ತೆಯ ಬದಿಯಲ್ಲೇ ನೀರಿಗಿಳಿಯುವವನು ವೈಶಾಖದಲ್ಲಿ ಅದೇ ಜಾಗದಿಂದ ಎರೆಮಣ್ಣಿನ ಕೆಸರನ್ನು ತುಳಿಯುತ್ತ ಬಹುದೂರ ನಾವೆಯನ್ನು ಹೊತ್ತು ನಡೆಯಬೇಕಾದೀತು. ಎರೆಯ ಕೆಸರು ಕಾಲನ್ನು ಹಿಡಿದರೆ ಬಿಡದೆಂಬುದನ್ನು ಈ ಭಾಗದವರಿಗೆ ಹೇಳಬೇಕಾದ್ದಿಲ್ಲ. ನೀರಿನಡಿಯಲ್ಲಿ ಮುಳುಗಡೆಯಾದ ಹಳ್ಳಿಗಳ ಮೊಂಡುಗೋಡೆಗಳು, ಬಾವಿಕಟ್ಟೆಗಳು, ಒಣಗಿನಿಂತ ಮರಗಳ ಬೊಡ್ಡೆಗಳು ಉಳಿದಿವೆ. ಮಟ್ಟ ಇಳಿದಂತೆಲ್ಲ ಅವು ಮೇಲ್ಮೈಗೆ ಒಂದು ಗೇಣು ಕೆಳಗೆ, ಕಣ್ಣಿಗೆ ಬೀಳದಂತೆ ಹೊಂಚಿಕೊಂಡಿರುತ್ತವೆ. ಮೀನುಗಾರರು ಬಿಟ್ಟ ಬಲೆಗಳು ಉದ್ದಕ್ಕೂ ಹರಡಿರುತ್ತವೆ. ಮೇಲೆ ತೇಲುವ ಪ್ಲಾಸ್ಟಿಕ್ ಬಾಟಲಿಗಳಷ್ಟೇ ಅವುಗಳ ಗುರುತು. ಹೆರಕಲ್ಲಿನ ಕಡೆಯ ತೆಳುನೀರಿನಲ್ಲಿ ರಾಜಹಂಸಗಳು ಬಂದಿಳಿಯುವ ಕಾಲದಲ್ಲಿ ದೂರದಿಂದಲೇ ಹುಟ್ಟು ನಿಲ್ಲಿಸಿ ನೋಡುವುದು ಸಭ್ಯತೆ. ಹಕ್ಕಿಗಳನ್ನು ಎಬ್ಬಿಸಿ ಚಿತ್ರ ತೆಗೆಯುವವರಿಗೆ ನಾವೆಯನ್ನೇ ಮಾರಬಾರದೆಂದು ಒಮ್ಮೊಮ್ಮೆ ನನಗೆ ಅನಿಸುವುದುಂಟು.

ಎಲ್ಲಕ್ಕಿಂತ ದೊಡ್ಡದು ಗಾಳಿಯ ಪ್ರಶ್ನೆ. ಗುಡ್ಡದ ಮರೆಯಿಲ್ಲದ ವಿಶಾಲ ಜಲದ ಮೇಲೆ ಗಾಳಿ ಎಷ್ಟು ದೂರ ಅಡೆಯಿಲ್ಲದೆ ಬೀಸುವುದೋ ಅಷ್ಟು ಎತ್ತರಕ್ಕೆ ಅಲೆ ಬೆಳೆಯುತ್ತದೆ; ಮುಂಜಾವದಲ್ಲಿ ಅಲುಗಾಡದಿದ್ದ ನೀರು ಹೊತ್ತೇರಿದ ಮೇಲೆ ಒರಟಾಗಿ ಕುಣಿಯತೊಡಗುತ್ತದೆ. ಓರೆಗಾಳಿಗೆ ಸಿಕ್ಕ ಕಯಾಕ್ ತಾನಾಗಿ ಗಾಳಿಯ ಕಡೆಗೆ ಮೂತಿ ತಿರುಗಿಸುವುದು ಅದರ ಸಹಜಸ್ವಭಾವ. ಮುಂಬದಿಯು ನೀರನ್ನು ಸೀಳುತ್ತ ಬಿಗಿಯಾಗಿ ನಾಟಿಕೊಂಡಿದ್ದರೆ, ಹಿಂಬದಿಯು ತಾನೇ ಕದಡಿದ ಸಡಿಲ ನೀರಿನಲ್ಲಿರುತ್ತದೆ; ಆದುದರಿಂದ ಗಾಳಿ ಹಿಂಬದಿಯನ್ನು ಸುಲಭವಾಗಿ ತಳ್ಳಿಬಿಡುತ್ತದೆ. ಇದನ್ನು ತಡೆಯಲು ಕೆಲವು ನಾವೆಗಳ ಹಿಂಬದಿಯ ತಳದಲ್ಲಿ ಸ್ಕೆಗ್ ಎಂಬ ಕಿರುಹಲಗೆಯೂ, ಕೆಲವಕ್ಕೆ ಕಾಲಿನಿಂದ ನಡೆಸುವ ಚುಕ್ಕಾಣಿಯೂ ಇರುತ್ತವೆ. ನಮ್ಮ ಹಿನ್ನೀರಿಗೆ ಇವೆರಡರಲ್ಲಿ ಒಂದು ಬೇಕೇ ಬೇಕು. ಆದರೆ ಅದು ಹಗ್ಗವನ್ನೆಳೆದು ಮೇಲಕ್ಕೆತ್ತಬಹುದಾದ ಜಾತಿಯದಾಗಿರಬೇಕು. ತಳಕ್ಕೆ ಶಾಶ್ವತವಾಗಿ ಕಚ್ಚಿದ ಹಲಗೆ ಮೀನುಗಾರರ ಬಲೆಗೆ ಸಿಕ್ಕಿದರೆ ಬಲೆಯೂ ಹರಿಯುತ್ತದೆ, ಸವಾರನೂ ಅಲ್ಲೇ ಸ್ಥಾವರನಾಗುತ್ತಾನೆ, ದಡದಲ್ಲಿ ಮಾತು ಬೆಳೆಯುತ್ತದೆ.

ಉದ್ದದ ವಿಷಯದಲ್ಲಿ ಒಂದು ಗಣಿತವುಂಟು. ನೀರನ್ನು ಸೀಳಿ ನಡೆಯುವ ನಾವೆಯ ವೇಗದ ಮಿತಿ, ಅದು ನೀರನ್ನು ಮುಟ್ಟಿರುವ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ; ಹತ್ತು ಅಡಿಯದಕ್ಕೆ ಆ ಮಿತಿ ಗಂಟೆಗೆ ಸುಮಾರು 8 ಕಿಲೋಮೀಟರ್, ಹದಿನಾರು ಅಡಿಯದಕ್ಕೆ ಸುಮಾರು 10. ವ್ಯತ್ಯಾಸ ಅಲ್ಪವೆಂದು ತೋರಬಹುದು, ಸಾಮಾನ್ಯ ಸವಾರನು ಐದಾರು ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನು ಬಹುಹೊತ್ತು ಕಾಯ್ದುಕೊಳ್ಳಲಾರನೆಂಬುದೂ ನಿಜ. ಆದರೆ ಅದೇ ಐದಾರು ಕಿಲೋಮೀಟರಿಗಾಗಿ ಗಿಡ್ಡ ನಾವೆಯ ಸವಾರನು ಹೆಚ್ಚು ಬೆವರು ಸುರಿಸಬೇಕಾಗುತ್ತದೆ, ಅದರ ಮೂತಿಯೂ ಪ್ರತಿ ಹೊಡೆತಕ್ಕೆ ಎಡಬಲಕ್ಕೆ ಓಲಾಡುತ್ತದೆ. ಇನ್ನೊಂದೆಡೆ ಹದಿನಾರು ಅಡಿಯ ತೆಳುನಾವೆಯನ್ನು ಮನೆಗೆ ತಂದಿಡಲು ಜಾಗವಿಲ್ಲ, ತಿರುಗಿಸಲು ಪಳಗಿದ ಕೈಬೇಕು. ಹಿನ್ನೀರಿನ ಸವಾರನಿಗೆ ಹನ್ನೆರಡು ಅಡಿಯ ಆಸುಪಾಸು ಸಮಂಜಸವಾದೀತು.

ತಳದ ಆಕಾರದಲ್ಲಿ ಹೊಸಬರು ಮೋಸಹೋಗುವುದು ಹೆಚ್ಚು. ಸಪಾಟು ತಳದ ನಾವೆಯಲ್ಲಿ ಕುಳಿತೊಡನೆ ಧೈರ್ಯ ಬರುತ್ತದೆ. ಮೈಯನ್ನು ತುಸು ವಾಲಿಸಿದರೂ ಮುಳುಗಿದ ಕಡೆಯ ಅಗಲವಾದ ಭಾಗವನ್ನು ನೀರು ಒಡನೆಯೇ ಮೇಲಕ್ಕೊತ್ತುತ್ತದೆ. ದುಂಡು ತಳದ ನಾವೆಯಾದರೋ ಕುಳಿತವನನ್ನು ಚಂಚಲಗೊಳಿಸುತ್ತದೆ. ಆದುದರಿಂದ ನಿಂತ ನೀರಿನಲ್ಲಿ ಪರೀಕ್ಷಿಸಿದವರೆಲ್ಲ ಸಪಾಟು ತಳಕ್ಕೇ ಮತ ಹಾಕುತ್ತಾರೆ. ಅಲೆಯೆದ್ದಾಗ ನ್ಯಾಯ ಬದಲಾಗುತ್ತದೆ: ಸಪಾಟು ತಳ ಸದಾ ನೀರಿನ ಮೇಲ್ಮೈಗೆ ಸಮಾನವಾಗಿ ನಿಲ್ಲಬಯಸುವುದರಿಂದ, ಅಲೆಯ ಇಳಿಜಾರು ಬಂದಾಗ ತಾನೂ ಅದರೊಡನೆ ಓರೆಯಾಗಿ, ಒಂದು ಮಿತಿಯನ್ನು ದಾಟಿದರೆ ಮುನ್ಸೂಚನೆಯಿಲ್ಲದೆ ಮಗುಚುತ್ತದೆ, ದುಂಡು ತಳವಾದರೆ ಅಲೆ ಅಡಿಯಲ್ಲಿ ಹಾದುಹೋಗುವಂತೆ ಬಿಟ್ಟು ಸವಾರನನ್ನು ನೆಟ್ಟಗೆ ಉಳಿಸುತ್ತದೆ, ವಾಲಿದಷ್ಟೂ ಆಸರೆ ಕೊಡುತ್ತದೆ. ಮೊದಲನೆಯದು ಆರಂಭದ ಸ್ಥಿರತೆ, ಎರಡನೆಯದು ಅಂತಿಮ ಸ್ಥಿರತೆ. ಇವೆರಡನ್ನೂ ಅಷ್ಟಷ್ಟು ಉಳಿಸಿಕೊಂಡ, ತಳ ತುಸುವೇ ಉಬ್ಬಿದ, 28ರಿಂದ 30 ಅಂಗುಲ ಅಗಲದ ನಾವೆ ನಮ್ಮ ಹಿನ್ನೀರಿಗೆ ಒಪ್ಪುತ್ತದೆ. ನಿಂತುಕೊಂಡು ಗಾಳ ಹಾಕಬೇಕೆನ್ನುವವರು ಇನ್ನೂ ಅಗಲವಾದದ್ದನ್ನು ಕೊಂಡು, ಗಾಳಿ ಏಳುವ ಮುನ್ನ ದಡ ಸೇರುವ ನಿಯಮವನ್ನು ಹಾಕಿಕೊಳ್ಳಲಿ.

ಕೂಡಲಸಂಗಮದ ನೀರು ಇದಕ್ಕಿಂತ ಬೇರೆ. ಮಲಪ್ರಭೆಯು ಕೃಷ್ಣೆಯನ್ನು ಸೇರುವ ಆ ಪುಣ್ಯಸ್ಥಳವು ಆಲಮಟ್ಟಿಯ ಕೆಳಗಿರುವುದರಿಂದ, ಅಲ್ಲಿ ನಿಂತಿರುವುದು ನಾರಾಯಣಪುರದ ಬಸವಸಾಗರದ ಹಿನ್ನೀರು. ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತ ಗೋಡೆಯೆಬ್ಬಿಸಿ, ನೀರಿನ ನಡುವೆ ಬಾವಿಯಾಕಾರದ ಗೋಪುರ ಮಾಡಿ ಕಾಪಾಡಿರುವುದು ಈ ಕಾರಣದಿಂದಲೇ. ಮೇಲೆ ಆಲಮಟ್ಟಿಯ 26 ಕ್ರೆಸ್ಟ್ ಗೇಟುಗಳಿದ್ದು, ಮುಂಗಾರಿನಲ್ಲಿ ಅವನ್ನು ಎತ್ತಿದಾಗ ಇಲ್ಲಿಯ ಹರಿವು ಗಂಟೆಗಳೊಳಗೆ ರೂಪ ಬದಲಿಸಬಲ್ಲುದು. ಆ ತಿಂಗಳುಗಳಲ್ಲಿ ಯಾವ ಕಯಾಕೂ ಸರಿಯಾದ ಕಯಾಕ್ ಅಲ್ಲ. ಭಕ್ತರು ಸ್ನಾನಮಾಡುವ ಘಟ್ಟವನ್ನು ಬಿಟ್ಟು ದೂರದಲ್ಲಿ ನೀರಿಗಿಳಿಯುವುದು ಸೌಜನ್ಯ ಮಾತ್ರವಲ್ಲ, ವಿವೇಕವೂ ಹೌದು. ಇನ್ನು ಬಾದಾಮಿಯ ಕಡೆಯವರ ಮಲಪ್ರಭೆ: ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ತಡೆದು ನಿಂತು, ಉಳಿದ ನೀರಿನೊಡನೆ ಪಟ್ಟದಕಲ್ಲು ಐಹೊಳೆಗಳನ್ನು ಬಳಸಿ ಬರುವ ಈ ಹೊಳೆಗೆ ಎರಡೇ ಅವಸ್ಥೆ. ಬೇಸಗೆಯಲ್ಲಿ ಮಡುಗಳ ಸಾಲು. ಕೆಲವು ವರ್ಷ, 2019ರ ಆಗಸ್ಟಿನಲ್ಲಾದಂತೆ, ಪಟ್ಟದಕಲ್ಲಿನ ಗುಡಿಗಳನ್ನೇ ಸುತ್ತುವರಿಯುವ ಪ್ರವಾಹ. ಇವೆರಡರ ನಡುವೆ, ಹದವಾಗಿ ಹರಿಯುವ ವಾರಗಳು ಸಿಕ್ಕಿದಾಗ, ಕಲ್ಲುಗಳ ನಡುವೆ ಚುರುಕಾಗಿ ಹೊರಳುವ ಒಂಬತ್ತು ಹತ್ತು ಅಡಿಯ, ತಳದಲ್ಲಿ ಹಲಗೆಯಿಲ್ಲದ ಗಟ್ಟಿ ನಾವೆ ಬೇಕು. ಆ ಕೆಲವು ವಾರಗಳಿಗಾಗಿ ಒಂದನ್ನು ಕೊಳ್ಳುವುದು ಐಶ್ವರ್ಯವಂತರ ಮಾತು. ಬಾದಾಮಿಯ ಅಗಸ್ತ್ಯತೀರ್ಥವನ್ನು ಕಂಡು ಆಸೆಪಡುವವರು ಗುಹೆಗಳ ಮೆಟ್ಟಿಲಮೇಲೆ ಕುಳಿತು ಕಣ್ತುಂಬ ನೋಡಿ ತೃಪ್ತರಾಗಲಿ.

ಮೊಸಳೆಗಳ ವಿಷಯವನ್ನು ಮರೆಮಾಚಬಾರದು. ಕೃಷ್ಣೆಯಲ್ಲಿಯೂ ಅದರ ಉಪನದಿಗಳಲ್ಲಿಯೂ ಅವು ಇವೆ. ದಂಡೆಯ ಮೇಲೆ ಬಿಸಿಲು ಕಾಯಿಸುವುದನ್ನು ರೈತರು ಕಾಣುತ್ತಲೇ ಇರುತ್ತಾರೆ. ಆದುದರಿಂದ ಕಾಲುಗಳನ್ನು ಎರಡು ಪಕ್ಕಕ್ಕೆ ಇಳಿಬಿಟ್ಟು ಕೂರಬೇಕಾದ ಆಟಿಕೆಯಂಥ ಅಗ್ಗದ ನಾವೆಗಳು, ತಾಗಿದರೆ ಮಗುಚುವ ಅತಿ ಸಣ್ಣವು, ಇವನ್ನು ಪಟ್ಟಿಯಿಂದಲೇ ತೆಗೆದುಹಾಕಬೇಕು. ಎಲ್ಲಿ ಇಳಿಯಬಾರದೆಂಬುದನ್ನು ಆ ಊರಿನ ತೆಪ್ಪದವರನ್ನು ಕೇಳಿದರೆ ತಿಳಿಯುತ್ತದೆ. ಅವರಿಗಿಂತ ದೊಡ್ಡ ತಜ್ಞರಿಲ್ಲ.

ಮಾಡಿದ ವಸ್ತುವಿನ ಆಯ್ಕೆಯನ್ನು ನೀರಿಗಿಂತ ಹೆಚ್ಚಾಗಿ ದಡವೇ ನಿರ್ಧರಿಸುತ್ತದೆ. ಮೂರು ಬಗೆಯವು ನಮ್ಮ ಎದುರಿಗಿವೆ. ಪಾಲಿಥಿಲೀನ್ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಕಾಯಿಸಿ, ತಿರುಗಿಸುತ್ತ ಎರಕಹೊಯ್ದು ಮಾಡಿದ್ದು ಒಂದು. ನಮ್ಮ ಮನೆಗಳ ಮೇಲಿನ ಕರಿಯ ನೀರಿನ ಟ್ಯಾಂಕಿಗಳು ತಯಾರಾಗುವುದೂ ಇದೇ ವಿಧಾನದಿಂದ. ಅದು ಭಾರ, ಹನ್ನೆರಡು ಅಡಿಯದು 25 ರಿಂದ 30 ಕಿಲೋ ತೂಗುತ್ತದೆ, ಆದರೆ ಮುಳುಗಿದ ಗೋಡೆಗೆ ಉಜ್ಜಿದರೆ ಗೀರು ಬೀಳುವುದಲ್ಲದೆ ಒಡೆಯುವುದಿಲ್ಲ. ಫೈಬರ್ ಗ್ಲಾಸಿನದು ಹಗುರ, ಚೆಲುವು, ವೇಗಶಾಲಿ. ಕಲ್ಲಿನ ಒಂದು ಪೆಟ್ಟಿಗೆ ಬಿರಿಯುತ್ತದೆ. ಗಾಳಿ ತುಂಬುವಂಥದು ಚೀಲದಲ್ಲಿ ಮಡಿಚಿಡಬಹುದಾದದ್ದು, ಮೇಲ್ಮಹಡಿಯ ಬಾಡಿಗೆಮನೆಯವನಿಗೆ ವರಪ್ರಾಯ.

ಮಡಿಚುವ ನಾವೆಗೆ ಗೌರವದ ಇತಿಹಾಸವೇ ಉಂಟು. 1905ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಯ್‌ರಿಖ್ ಎಂಬ ವಿದ್ಯಾರ್ಥಿಯು ಕಟ್ಟಿದ ಮಡಿಚುವ ಕಯಾಕಿನ ಹಕ್ಕನ್ನು ಎರಡು ವರ್ಷದ ತರುವಾಯ ಕೊಂಡು ಲೋಕಪ್ರಸಿದ್ಧಗೊಳಿಸಿದವನು ರೋಸನ್‌ಹೈಮ್ ಪಟ್ಟಣದ ದರ್ಜಿ ಯೋಹಾನ್ ಕ್ಲೆಪ್ಪರ್. 1932ರಲ್ಲಿ ಡ್ಯಾನ್ಯೂಬ್ ನದಿಯಿಂದ ಹೊರಟ ಆಸ್ಕರ್ ಸ್ಪೆಕ್ ಎಂಬವನು ಇಂಥದೇ ಮಡಿಚುವ ನಾವೆಯಲ್ಲಿ ಭಾರತದ ಪಶ್ಚಿಮ ಕರಾವಳಿಯ ಗುಂಟ ಸಾಗಿ, 1939ರಲ್ಲಿ ಆಸ್ಟ್ರೇಲಿಯದ ದ್ವೀಪಗಳನ್ನು ಮುಟ್ಟಿದ. ಮುಟ್ಟಿದೊಡನೆ ಯುದ್ಧಕಾಲದ ಶತ್ರುದೇಶದವನೆಂದು ಬಂಧಿತನಾದನೆಂಬುದು ಆ ಮಹಾಯಾನದ ವಿಪರ್ಯಾಸ. ಆದರೆ ನಮ್ಮ ದಾರಿಯಲ್ಲಿ ಬಳ್ಳಾರಿ ಜಾಲಿ ಇದೆ. ನಮ್ಮ ಹಿನ್ನೀರಿನ ದಂಡೆಗಳನ್ನು ಆಕ್ರಮಿಸಿರುವ ಆ ಮುಳ್ಳು ಚಪ್ಪಲಿಯನ್ನೇ ತೂರುವಂಥದು, ಗಾಳಿ ತುಂಬಿದ ರಬ್ಬರು ಚರ್ಮವನ್ನು ಬಿಟ್ಟೀತೆ? ಅಲ್ಲದೆ ಬಿಸಿಲಿಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿರಿಯುವ ಭಯವುಂಟು. ದಡದಲ್ಲಿ ವಿಶ್ರಮಿಸುವಾಗಲೆಲ್ಲ ತುಸು ಗಾಳಿ ಬಿಡಬೇಕು, ಹೊರಡುವಾಗ ಮತ್ತೆ ತುಂಬಬೇಕು. ಇಷ್ಟು ಶ್ರದ್ಧೆಯಿರುವವರು, ನೀರಿಗಿಳಿಯುವ ಜಾಗ ಮುಳ್ಳಿಲ್ಲದ ಘಾಟು ಎಂದು ಖಚಿತವಿರುವವರು ಅದನ್ನು ಕೊಳ್ಳಲಿ. ಮಿಕ್ಕವರಿಗೆ ಪಾಲಿಥಿಲೀನೇ ಗತಿ, ಒಳ್ಳೆಯ ಗತಿಯೇ. ಅದನ್ನು ನೀರಿನವರೆಗೆ ಒಯ್ಯಲು ಟಂಟಂ ಒಂದನ್ನು ಗೊತ್ತುಮಾಡಿಕೊಂಡರೆ ಸಾಕು. ಮನೆಯಲ್ಲಿ ನೆರಳಿನಲ್ಲಿ, ಅಗಲವಾದ ಪಟ್ಟಿಗಳಿಂದ ತೂಗುಹಾಕಿಯೋ ಪಕ್ಕಕ್ಕೆ ವಾಲಿಸಿಯೋ ಇಡಬೇಕು. ಬೇಸಗೆಯಲ್ಲಿ ಮಾಳಿಗೆಯ ಕಾದ ನೆಲದ ಮೇಲೆ ತಳವೂರಿ ಬಿಟ್ಟರೆ ತಳ ಒಳಕ್ಕೆ ತಗ್ಗುತ್ತದೆ.

ಭಾರದ ಮಿತಿಯೆಂದು ಕಂಪನಿಯವರು ಅಚ್ಚುಹಾಕಿದ ಸಂಖ್ಯೆಯನ್ನು ಪೂರ್ತಿ ನಂಬಬಾರದು. ಆ ಭಾರದಲ್ಲಿ ನಾವೆ ಮುಳುಗುವುದಿಲ್ಲವೆಂಬುದಷ್ಟೇ ಅದರ ಅರ್ಥ. 130 ಕಿಲೋ ಎಂದಿದ್ದರೆ ಸವಾರನೂ ಬುತ್ತಿಯೂ ನೀರಿನ ಕ್ಯಾನೂ ಸೇರಿ ಅದರ ಮೂರನೆಯ ಎರಡು ಭಾಗದಲ್ಲಿ ನಿಲ್ಲುವುದು ಲೇಸು. ಇಬ್ಬರ ನಾವೆಯನ್ನು ಹಣ ಉಳಿಯುವುದೆಂದು ಕೊಳ್ಳುವವರು, ಜೊತೆಗಾರನಿಲ್ಲದ ದಿನ ಅದು ದಡದಲ್ಲೇ ಉಳಿಯುವುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹುಟ್ಟಿನಲ್ಲಿ ಜಿಪುಣತನ ಸಲ್ಲದು: ನಿಮಿಷಕ್ಕೆ ನಲವತ್ತು ಹೊಡೆತದಂತೆ ಎರಡು ಗಂಟೆಗೆ 4,800 ಬಾರಿ ಅದು ಏಳಬೇಕು, ನೂರು ಗ್ರಾಮಿನ ಹೆಚ್ಚಳವನ್ನು ಭುಜ ಮೊದಲ ಗಂಟೆಯಲ್ಲಿ ಕ್ಷಮಿಸಿದರೂ ಎರಡನೆಯದರಲ್ಲಿ ಕ್ಷಮಿಸದು. 30 ಅಂಗುಲದ ನಾವೆಗೆ 230 ಸೆಂಟಿಮೀಟರಿನ ಹುಟ್ಟು ಸಾಮಾನ್ಯ ಎತ್ತರದವನಿಗೆ ಸರಿಹೋಗುತ್ತದೆ. ಲೈಫ್ ಜಾಕೆಟನ್ನಂತೂ ನಾವೆಗಿಂತ ಮೊದಲು, ಮೈಗೆ ತೊಟ್ಟು, ಭುಜದ ಪಟ್ಟಿಯನ್ನು ಇನ್ನೊಬ್ಬರಿಂದ ಮೇಲಕ್ಕೆಳೆಸಿ, ಅದು ಕಿವಿಯವರೆಗೆ ಏರದಿರುವುದನ್ನು ನೋಡಿ ಕೊಳ್ಳಬೇಕು.

ಕೈಬದಲಾದ ನಾವೆ ಸಿಕ್ಕರೆ ಸಂತೋಷವೇ. ಬಣ್ಣ ಮಾಸಿ, ಉಜ್ಜಿದರೆ ಸುಣ್ಣದಂಥ ಪುಡಿ ಕೈಗಂಟಿದರೆ ಅದು ಬಹುಕಾಲ ಬಿಸಿಲುಂಡದ್ದೆಂದು ತಿಳಿಯಬೇಕು. ಆಸನದ ಕೆಳಗಿನ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ನೀರಿಳಿಯುವ ರಂಧ್ರಗಳ ಒಳಗೋಡೆಯಲ್ಲಿ ಕೂದಲೆಳೆಯ ಬಿರುಕೂ ಇರಕೂಡದು. ಸಂದೇಹವಿದ್ದರೆ ಒಡಲೊಳಗೆ ಎರಡು ಕೊಡ ನೀರು ಸುರಿದು ಹೊರಗೆ ಎಲ್ಲಿ ಜಿನುಗುವುದೆಂದು ನೋಡಿದರಾಯಿತು.

ಹೊಸದಿರಲಿ ಹಳೆಯದಿರಲಿ, ಹಣ ಎಣಿಸುವ ಮೊದಲು ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿಯ ಕಾಂಡ್ಲಾವನದ ಹಿನ್ನೀರಿಗೋ, ಕಾಳಿ ನದಿಯ ದಾಂಡೇಲಿ ಗಣೇಶಗುಡಿಯ ಕಡೆಗೋ ಹೋಗಿ, ಬಾಡಿಗೆಯ ನಾವೆಗಳಲ್ಲಿ ಬೇರೆ ಬೇರೆ ಅಗಲ ಉದ್ದದವನ್ನು ಏರಿ ನೋಡುವುದು ಉಚಿತ. ಅಲ್ಲಿ ಕಾಯಲು ಜನರಿರುತ್ತಾರೆ. ಹಿಂತಿರುಗಿದ ಮೇಲೆ ಮುಂಗಾರು ಮುಗಿದು, ಗೇಟುಗಳು ಮುಚ್ಚಿ, ನೀರು ತಿಳಿಯಾಗುವ ದಸರೆಯ ತರುವಾಯ ತರಿಸಿಕೊಳ್ಳಬಹುದು. ಜಲಾಶಯದ ಒಡೆತನ ಕೃಷ್ಣಾ ಭಾಗ್ಯ ಜಲ ನಿಗಮದ್ದಾದುದರಿಂದ, ಅಣೆಕಟ್ಟಿನ ಸಮೀಪದ ನಿಷಿದ್ಧ ಪ್ರದೇಶ ಯಾವುದೆಂದು ವಿಚಾರಿಸಿ ತಿಳಿದಿರಬೇಕು. ಮೊದಲ ದಿನ ದೂರ ಹೋಗುವ ಹವಣಿಕೆ ಬೇಡ. ಮೊಸಳೆಯ ಸುಳಿವಿಲ್ಲವೆಂದು ಊರವರು ಹೇಳಿದ ಕಡೆ, ಎದೆಮಟ್ಟದ ನೀರಿನಲ್ಲಿ, ಜಾಕೆಟ್ ತೊಟ್ಟು, ಬೇಕೆಂದೇ ನಾವೆಯನ್ನು ಮಗುಚಿಕೊಂಡು, ಮರಳಿ ಏರಲು ತನ್ನಿಂದ ಆಗುತ್ತದೆಯೇ ಎಂದು ನೋಡಬೇಕು; ಆಗದಿದ್ದರೆ ಆಗುವವರೆಗೆ ಹಿನ್ನೀರಿನ ನಡುವಿಗೆ ಹೋಗತಕ್ಕದ್ದಲ್ಲ.